ಊರಿನ ಸರ್ಕಾರಿ ಶಾಲೆಯಲ್ಲಿ ಹತ್ತೇ ಮಕ್ಕಳಿದ್ದಾರೆ, ಮಗಳನ್ನು ಒಂದನೇ ತರಗತಿಗೆ ಅಲ್ಲೇ ಸೇರಿಸಬಹುದಾ?

ಸೇರಿಸಿ. ಆದರೆ ಒಂದು ವಿಷಯ ವಿಚಾರಿಸಿಕೊಂಡು ಸೇರಿಸಿ. ಹತ್ತೇ ಮಕ್ಕಳಿದ್ದಾರೆ ಅಂದರೆ ಪಾಠ ಸರಿಯಿಲ್ಲ ಅಂತಲ್ಲ.

ನಾನು ತೀರ್ಥಹಳ್ಳಿ ಕಡೆಯವನು, ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೆ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ. ನಮ್ಮಲ್ಲಿ ಮಕ್ಕಳು ಕಡಿಮೆಯಾಗಿದ್ದು ಮೇಷ್ಟ್ರ ತಪ್ಪಿನಿಂದಲ್ಲ. ಮನೆಗೊಂದೇ ಮಗು, ವಯಸ್ಸಿಗೆ ಬಂದವರೆಲ್ಲ ಬೆಂಗಳೂರಲ್ಲಿ. ಉಳಿದವರ ಮನೆ ಬಾಗಿಲಿಗೆ ಪೇಟೆಯ ಶಾಲೆಯ ವ್ಯಾನು ಬರುತ್ತೆ. ಎಲ್‌ಕೆಜಿಗೆ ಅಂತ ವ್ಯಾನು ಹತ್ತಿದ ಮಗು ಒಂದನೇ ತರಗತಿಗೆ ಊರ ಶಾಲೆಗೆ ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ.

ಒಂದರಿಂದ ಮೂರನೇ ತರಗತಿವರೆಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸೋ ನಲಿಕಲಿ ಪದ್ಧತಿ ಇರೋದರಿಂದ ಮೂರೂ ತರಗತಿಯವರು ಒಂದೇ ಕೋಣೆಯಲ್ಲಿ ಕೂರ್ತಾರೆ. ನೋಡಿ ಗಾಬರಿಯಾಗಬೇಡಿ, ಆ ಪದ್ಧತಿಯೇ ಹಾಗೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ಮಗು ತನ್ನ ಮೆಟ್ಟಿಲು ಮುಗಿಸಿ ಮುಂದಿನ ಕಾರ್ಡಿಗೆ ಹೋಗುತ್ತೆ, ಪಕ್ಕದವಳಿಗಾಗಿ ಕಾಯಬೇಕಿಲ್ಲ. ಹತ್ತು ಮಕ್ಕಳಿದ್ದರೆ ಮೇಷ್ಟ್ರಿಗೆ ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸೋಕೆ ಆಗುತ್ತೆ. ನಲವತ್ತು ಮಕ್ಕಳಲ್ಲಿ ಅದೆಲ್ಲಿ ಸಾಧ್ಯ?

ವಿಚಾರಿಸಬೇಕಾಗಿದ್ದು ಇದು: ಮೇಷ್ಟ್ರು ಎಷ್ಟು ಜನ, ಎಷ್ಟು ದಿನ ತರಗತಿಯಲ್ಲಿರ್ತಾರೆ? ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಕಾಗದದಲ್ಲಿ ಇಬ್ಬರಿದ್ದರೂ ಒಬ್ಬರು ನಿಯೋಜನೆ ಮೇಲೆ ಬೇರೆ ಶಾಲೆಯಲ್ಲಿರಬಹುದು. ಉಳಿದವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಮಕ್ಕಳ ವಿವರದ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ಗೆ ಮಾಹಿತಿ ಹಾಕಬೇಕು, ಸಭೆಗೆ ಹೋಗಬೇಕು. ಮೇಲಿಂದ ಗಣತಿ, ಮತದಾರರ ಪಟ್ಟಿ. 2025ರಲ್ಲಿ ಜಾತಿ ಸಮೀಕ್ಷೆಗೋಸ್ಕರ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರಲ್ಲ! ದೊಡ್ಡ ಶಾಲೆಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ನೋಡಿಕೊಳ್ತಾರೆ. ಏಕೋಪಾಧ್ಯಾಯ ಶಾಲೆಯಲ್ಲಿ ಮೇಷ್ಟ್ರು ಹೋದರೆ ಆ ದಿನ ಪಾಠವೇ ಇಲ್ಲ.

ಹಾಗಾಗಿ ಯಾವುದೋ ಸಾಧಾರಣ ಬುಧವಾರ ಹೇಳದೆ ಕೇಳದೆ ಹೋಗಿ. ನಾಲ್ಕನೇ ತರಗತಿ ಮಗುವಿನ ಕೈಗೆ ಅದು ಮೊದಲು ನೋಡಿರದ ಪುಸ್ತಕ ಕೊಟ್ಟು ಓದಿಸಿ. ಪಠ್ಯಪುಸ್ತಕ ಬೇಡ, ಅದು ಬಾಯಿಪಾಠ ಆಗಿರುತ್ತೆ.

ಮಗು ಸರಾಗವಾಗಿ ಓದಿದರೆ ಧೈರ್ಯವಾಗಿ ಸೇರಿಸಿ. ತಡವರಿಸಿದರೆ, ಮೇಷ್ಟ್ರ ಮೇಲೆ ಹರಿಹಾಯೋ ಮೊದಲು ಎಸ್‌ಡಿಎಂಸಿ ಅಧ್ಯಕ್ಷರ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ ಅತಿಥಿ ಶಿಕ್ಷಕರನ್ನು ಕೇಳಿ. ಜೂನ್‌ಗೆ ಮೊದಲೇ ಹೋಗಿ. ಐದನೇ ತರಗತಿ ಆದಮೇಲೆ ಹಿರಿಯ ಪ್ರಾಥಮಿಕ ಶಾಲೆ ಎಷ್ಟು ದೂರ, ಮಳೆಗಾಲದಲ್ಲಿ ಬಸ್ ಇದೆಯಾ ಅನ್ನೋದನ್ನೂ ಈಗಲೇ ತಿಳಿದುಕೊಂಡಿರಿ.