ವಾಲ್ಟರ್ ಸಬ್‌ಮರೀನ್ ಯಾಕೆ ಯುದ್ಧಕ್ಕೆ ಬರಲಿಲ್ಲ?

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಎಂಜಿನಿಯರ್ ಹೆಲ್ಮುಟ್ ವಾಲ್ಟರ್ ರೂಪಿಸಿದ ಸಬ್‌ಮರೀನ್ ಅಷ್ಟು ವೇಗವಾಗಿದ್ದರೆ ಜರ್ಮನಿ ಅದನ್ನೇ ಸಾಲಾಗಿ ಕಟ್ಟಬಹುದಿತ್ತಲ್ವಾ ಅಂತ ಕೇಳಿದ್ದೀರಿ. ವೇಗ ನಿಜವೇ. 1940ರಲ್ಲಿ ಪ್ರಯೋಗಕ್ಕೆ ಇಳಿಸಿದ ಪುಟ್ಟ ವಾಲ್ಟರ್ ಸಬ್‌ಮರೀನ್ ವಿ-80 ನೀರೊಳಗೆ ಗಂಟೆಗೆ ಸುಮಾರು 50 ಕಿ.ಮೀ. ಓಡಿತ್ತು. ಆಗಿನ ಮಾಮೂಲಿ ಯು-ಬೋಟ್‌ಗಳು, ಅಂದರೆ ಜರ್ಮನ್ ಸಬ್‌ಮರೀನ್‌ಗಳು, ಮುಳುಗಿದಾಗ 14 ಕಿ.ಮೀ. ದಾಟಿದರೆ ಜಾಸ್ತಿ.

ತೊಂದರೆ ಇದ್ದದ್ದು ಇಂಧನದಲ್ಲಿ. ಗಾಢ ಹೈಡ್ರೋಜನ್ ಪೆರಾಕ್ಸೈಡ್ ಒಡೆದಾಗ ಬಿಸಿ ಹಬೆ, ಆಮ್ಲಜನಕ ಎರಡೂ ಸಿಗುತ್ತವೆ. ಆ ಆಮ್ಲಜನಕದಲ್ಲಿ ಎಣ್ಣೆ ಉರಿಸಿ ಟರ್ಬೈನ್ ತಿರುಗಿಸುತ್ತಿದ್ದರು. ಹೊರಗಿನ ಗಾಳಿ ಬೇಕಿಲ್ಲ. ಆದರೆ ಎಂಜಿನ್ ಪೆರಾಕ್ಸೈಡ್ ಕುಡಿಯುವ ಲೆಕ್ಕ ಭಯಂಕರ, ಕೆಲವೇ ಗಂಟೆಗಳಲ್ಲಿ ಟ್ಯಾಂಕ್ ಖಾಲಿ! ಬೆಲೆಯೂ ದುಬಾರಿ. ಸಾಲದ್ದಕ್ಕೆ ವಿ-2 ರಾಕೆಟ್ಟಿಗೂ ಮೆಸ್ಸರ್‌ಶ್ಮಿಟ್ 163 ವಿಮಾನಕ್ಕೂ ಅದೇ ಬೇಕಿತ್ತು. ಸ್ವಲ್ಪ ಕೊಳೆ ಸೇರಿದರೂ ಬೆಂಕಿಯ ಭಯ ಬೇರೆ.

ಅದಕ್ಕೇ ದೊಡ್ಡ ವಾಲ್ಟರ್ ವಿನ್ಯಾಸದ ಒಡಲಿಗೆ ರಾಶಿ ಬ್ಯಾಟರಿ ತುಂಬಿ ಟೈಪ್ 21 ಎಂಬ ಸಬ್‌ಮರೀನ್ ಮಾಡಿದರು. ವೇಗ ಸುಮಾರು 32 ಕಿ.ಮೀ. ನನ್ನ ಪ್ರಕಾರ ಜಾಣತನ ಇದ್ದದ್ದು ಇದರಲ್ಲೇ. ಅದೂ ತಡವಾಯಿತು ಬಿಡಿ.

ಯುದ್ಧ ಮುಗಿದ ಮೇಲೆ ಜರ್ಮನ್ನರೇ ಮುಳುಗಿಸಿದ್ದ ವಾಲ್ಟರ್ ಸಬ್‌ಮರೀನ್ ಯು-1407 ಅನ್ನು ಬ್ರಿಟಿಷರು ಎತ್ತಿ, ಮೀಟಿಯರೈಟ್ ಅಂತ ಹೆಸರಿಟ್ಟು ಓಡಿಸಿ ನೋಡಿದರು. ಆಮೇಲೆ ಅದೇ ಪೆರಾಕ್ಸೈಡ್‌ನಿಂದ ಓಡುವಂತೆ ತಾವೇ ಕಟ್ಟಿದ ಸಬ್‌ಮರೀನ್ ಎಕ್ಸ್‌ಪ್ಲೋರರ್‌ಗೆ ನಾವಿಕರು ಇಟ್ಟ ಅಡ್ಡಹೆಸರು ‘ಎಕ್ಸ್‌ಪ್ಲೋಡರ್’, ಅಂದರೆ ಸಿಡಿಯುವಂಥದ್ದು.