ಎಂಟು ಸಲ ಬಿಚ್ಚಿದ ಮಫ್ಲರ್

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ.)

ಆಕೆಗೆ ಅರವತ್ತರ ಹತ್ತಿರ ವಯಸ್ಸು. ಮನೆಯ ವಿಷಯಕ್ಕೆ ಸಲಹೆ ಕೇಳಲು ನನ್ನ ಹತ್ತಿರ ಒಬ್ಬರೇ ಬಂದಿದ್ದರು. ಕೂತವರೇ ಚೀಲದಿಂದ ಹೆಣಿಗೆ ಕಡ್ಡಿ, ಉಣ್ಣೆ ಉಂಡೆ ತೆಗೆದರು. "ಕೈಗೆ ಕೆಲಸ ಇದ್ರೆ ಮಾತು ಸಲೀಸು. ಪರವಾಗಿಲ್ಲ ಅಲ್ವಾ ಮೇಡಂ?"

ನನ್ನ ಕಣ್ಣು ನೂಲಿನ ಮೇಲೆ ಹೋಯಿತು. ಜಡೆ ಬಿಚ್ಚಿದ ಕೂದಲಿನ ಹಾಗೆ ಪೂರ್ತಿ ಅಲೆ ಅಲೆ. ಹೆಣೆದು ಬಿಚ್ಚಿದ ಉಣ್ಣೆ ಹೀಗೇ, ಕುಣಿಕೆಯ ಆಕಾರವನ್ನು ಬಿಡುವುದಿಲ್ಲ. ಎಷ್ಟು ಸಲ ಬಿಚ್ಚಿದ್ದೀರಿ ಅಂತ ಕೇಳಿದೆ.

"ಎಂಟು ಸಲ. ತಪ್ಪೇನೂ ಆಗಿರ್ಲಿಲ್ಲ. ಮುಗಿದು ಹೋದ್ರೆ ಆಮೇಲೆ ಎಲ್ಲಿ ಕೂತ್ಕೊಳ್ಲಿ?"

ಆಮೇಲೆ ಕಥೆ ಬಂತು. ಗಂಡ ನಿವೃತ್ತರಾಗಿ ಒಂದು ವರ್ಷ. ಮೊದಲ ಕೆಲವು ತಿಂಗಳು ಬೆಳಿಗ್ಗೆ ಸೈಕಲ್ ತುಳಿದು ಬರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಅಡುಗೆಮನೆಗೆ ಬಂದು ನಿಂತರು. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಈರುಳ್ಳಿ ಇಷ್ಟು ದಪ್ಪ ಯಾಕೆ, ಉರಿ ಇಷ್ಟು ಜೋರು ಯಾಕೆ, ಎಣ್ಣೆ ಇಷ್ಟು ಯಾಕೆ. "ಜಗಳ ಅಲ್ಲ ಮೇಡಂ, ಸಹಾಯ ಅಂತೆ," ಅಂದರು ಆಕೆ. ಕೊನೆಗೆ ಅಡುಗೆ ಮುಗಿಸಿದ ತಕ್ಷಣ ಮೂಲೆಯ ಕುರ್ಚಿಗೆ ಬಂದು ಕಡ್ಡಿ ಹಿಡಿಯುವುದು ರೂಢಿಯಾಯಿತು. ಕೈಯಲ್ಲಿ ಹೆಣಿಗೆ ಇದ್ದರೆ ಯಾರೂ ಕರೆಯುವುದಿಲ್ಲವಲ್ಲ.

ನಾನು ಮೊದಲು ಕೊಟ್ಟ ಸಲಹೆ ಕೆಟ್ಟದಾಗಿತ್ತು, ಅದನ್ನೂ ಹೇಳಬೇಕು. "ಅವರಿಗೆ ನೀವೇ ಅಡುಗೆ ಕಲಿಸಿ," ಅಂದೆ. ಅವರು ಕಲಿತರು. ಪುಸ್ತಕದಲ್ಲಿ ಬರೆದುಕೊಂಡರು. ನಾಲ್ಕನೇ ದಿನ ಆ ಪುಸ್ತಕ ಹಿಡಿದು ಆಕೆಯನ್ನೇ ತಿದ್ದಿದರು!

ಮುಂದಿನ ವಾರ ಅವರನ್ನೂ ಕರೆಸಿ ಪ್ರತ್ಯೇಕವಾಗಿ ಮಾತಾಡಿದೆ. ಮಾತು ಸೈಕಲ್ ಕಡೆ ಹೊರಳಿದಾಗ ಸುಮ್ಮನಾದರು. ಆಮೇಲೆ ಪ್ಯಾಂಟ್ ಸ್ವಲ್ಪ ಮೇಲೆತ್ತಿ ಮೊಣಕಾಲ ಕೆಳಗಿನ ಗಾಯದ ಗುರುತು ತೋರಿಸಿದರು. ತಿರುವಿನಲ್ಲಿ ಬಿದ್ದಿದ್ದರು. ಯಾರೋ ಹುಡುಗರು ಎತ್ತಿ ಕೂರಿಸಿ, 'ತಾತ, ಮನೆಗೆ ಬಿಡ್ಲಾ?' ಅಂದರಂತೆ. "ಗಾಯ ವಾಸಿಯಾಯ್ತು. ಆ ತಾತ ಅನ್ನೋದು ವಾಸಿಯಾಗ್ಲಿಲ್ಲ." ಹೆಂಡತಿಗೆ ಹೇಳಿಯೇ ಇರಲಿಲ್ಲ.

ಅಲ್ಲಿಗೆ ನನಗೆ ಅರ್ಥವಾಯಿತು. ಇದು ಅಡುಗೆಯ ಜಗಳವೇ ಅಲ್ಲ. ತನ್ನ ಜಾಗ ಕಳೆದುಕೊಂಡವರು ಆಕೆಯ ಜಾಗದಲ್ಲಿ ಬಂದು ನಿಂತಿದ್ದರು. ಬಿದ್ದ ವಿಷಯವನ್ನು ನೀವೇ ಹೇಳಿ, ನಾನು ಹೇಳುವುದಿಲ್ಲ ಅಂದೆ. ಎರಡು ವಾರ ತೆಗೆದುಕೊಂಡರು, ಆದರೆ ಹೇಳಿದರು.

ಆಮೇಲೆ ಇಬ್ಬರನ್ನೂ ಕೂರಿಸಿ ಒಂದೊಂದು ಹಾಳೆ ಕೊಟ್ಟೆ. ನಿನ್ನೆ ರಾತ್ರಿಯ ಒಂದು ಊಟಕ್ಕೆ ಏನೇನು ಮಾಡಬೇಕಾಯಿತು, ಬರೆಯಿರಿ. ಅವರದು ನಾಲ್ಕು ಸಾಲು: ಹೆಚ್ಚು, ಬೇಯಿಸು, ಬಡಿಸು, ತೊಳೆ. ಆಕೆಯ ಹಾಳೆ ತಿರುವಿ ಬರೆದರೂ ಮುಗಿಯಲಿಲ್ಲ. ಏನು ಉಳಿದಿದೆ, ಯಾವುದು ಇವತ್ತೇ ಕೆಡುತ್ತೆ, ಯಾವುದನ್ನು ನೆನೆಹಾಕಬೇಕು, ಯಾರಿಗೆ ಖಾರ ಆಗಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀನ್ ಕಪ್ಲನ್ ಡೇನಿಯಲ್ಸ್ 1987ರಲ್ಲೇ ಇಂಥ ಲೆಕ್ಕಕ್ಕೆ ಬರದ ದುಡಿಮೆಯನ್ನು 'ಕಾಣದ ಕೆಲಸ' ಅಂತ ಕರೆದಿದ್ದರು. ಆದರೆ ನಾನು ಅದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಅವರು ಆ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಹೇಳಿದ್ದು ಇಷ್ಟು. ಸಹಾಯ ಬೇಡ, ಪಾಳಿ ಇರಲಿ. ವಾರಕ್ಕೆ ಮೂರು ರಾತ್ರಿ ಪೂರ್ತಿ ಅವರದು. ಏನು ಮಾಡೋದು ಅನ್ನೋದರಿಂದ ಹಿಡಿದು ಪಾತ್ರೆ ತೊಳೆಯೋವರೆಗೆ. ಆ ಹೊತ್ತಿಗೆ ಆಕೆ ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು, ವಾಸನೆ ಬಂದರೂ! ಉಳಿದ ದಿನ ಅವರಿಗೂ ಅದೇ ನಿಯಮ. ಹೊಸ್ತಿಲ ನಿಯಮ ಪಾಲಿಸುವುದು ಆಕೆಗೇ ಜಾಸ್ತಿ ಕಷ್ಟವಾಯಿತಂತೆ. ಮೊದಲ ರಾತ್ರಿ ತಳ ಹಿಡಿದ ವಾಸನೆಗೆ ಎರಡು ಸಲ ಎದ್ದು ಕೂತರಂತೆ.

ಸೈಕಲ್ ವಿಷಯಕ್ಕೆ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಈ ವಯಸ್ಸಿನಲ್ಲಿ ಬಿದ್ದರೆ ಕಣ್ಣು, ರಕ್ತದೊತ್ತಡ, ತೆಗೆದುಕೊಳ್ಳುವ ಮಾತ್ರೆ, ಎಲ್ಲ ನೋಡಿಸಬೇಕು. ಬರೀ ಭಯ ಅಂತ ನಾನು ತೀರ್ಮಾನಿಸುವುದು ತಪ್ಪು. ಅಲ್ಲಿ ಏನೂ ತೊಂದರೆ ಕಾಣಲಿಲ್ಲ. ಆಮೇಲೆ ಸೀಟನ್ನು ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಇಳಿಸಲು ಹೇಳಿದೆ. ಪೆಡಲ್ ಮುಟ್ಟದೆ, ಕಾಲಲ್ಲಿ ನೆಲ ತಳ್ಳುತ್ತಾ ಖಾಲಿ ಮೈದಾನದಲ್ಲಿ ಒಂದು ವಾರ. "ಮಕ್ಕಳ ಹಾಗಾ?" ಅಂತ ಮುಖ ಸಿಂಡರಿಸಿದರು. ಮಾಡಿದರು. ನಿಧಾನವಾಗಿ ಸೀಟು ಮೇಲೇರಿತು.

ಆಕೆಗೆ ಹೇಳಿದ್ದು ಒಂದೇ. ಆ ಉಣ್ಣೆಯನ್ನು ಸಡಿಲವಾಗಿ ಲಡಿ ಸುತ್ತಿ, ಅಲ್ಲಲ್ಲಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ತಿಕ್ಕದೆ ಹಿಂಡಿ ನೇತುಹಾಕಿ. ಅಲೆ ಇಳಿಯುತ್ತದೆ. ಆಮೇಲೆ ಹೆಣೆದದ್ದನ್ನು ಬಿಚ್ಚಬೇಡಿ.

ಮೂರು ತಿಂಗಳಾದ ಮೇಲೆ ಬಂದಾಗ ಮಫ್ಲರ್ ಅವರ ಕುತ್ತಿಗೆಯಲ್ಲಿತ್ತು. ಆಕೆಯ ಕಡ್ಡಿಯ ಮೇಲೆ ಬೇರೇನೋ ಶುರುವಾಗಿತ್ತು. ಡಬ್ಬಿಗಳ ಚೀಟಿ ಮಾತ್ರ ಇನ್ನೂ ಹಾಗೇ ಇದೆಯಂತೆ. ಕೀಳಬೇಕಾದದ್ದು ಯಾರು ಅನ್ನೋದು ತೀರ್ಮಾನವಾಗಿಲ್ಲ.