ಇಂಜೆಕ್ಷನ್ ಕೊಟ್ಟು ಸುಮ್ನೆ ಕೂರೋ ಕೆಲಸವಾ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ದಾವಣಗೆರೆಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ನನ್ನ ರ್‍ಯಾಂಕಿಗೆ ಅರಿವಳಿಕೆ ಎಂ.ಡಿ. ಸೀಟು ಸಿಗಬಹುದು. ಮನೆಯಲ್ಲಿ ‘ಅದು ಇಂಜೆಕ್ಷನ್ ಕೊಟ್ಟು ಸುಮ್ನೆ ಕೂರೋ ಕೆಲಸ, ಸ್ವಂತ ಕ್ಲಿನಿಕ್ ಇಡೋಕೂ ಆಗಲ್ಲ’ ಅಂತಾರೆ. ನಿಜವಾ? ರಾತ್ರಿ ಕೆಲಸ ಜಾಸ್ತಿನಾ?

ಉತ್ತರ: ಇಂಜೆಕ್ಷನ್ ಕೊಡುತ್ತೇವೆ, ಕೂರುತ್ತೇವೆ. ಅಷ್ಟು ನಿಜ. ‘ಸುಮ್ನೆ’ ಅನ್ನೋದಷ್ಟೇ ಸುಳ್ಳು.

ಒಂದು ಸಿಸೇರಿಯನ್ ತಗೊಳ್ಳಿ. ತಾಯಿಯನ್ನು ಟೇಬಲ್ ಮೇಲೆ ಕೂರಿಸಿ, ದಿಂಬು ತಬ್ಬಿಸಿ, ‘ಬೆನ್ನು ಬಾಗಿಸಮ್ಮ, ಅಲ್ಲಾಡಬೇಡ’ ಅಂತೀವಿ. ಬೆನ್ನಿಗೆ ಹೋಗುವುದು ಎರಡು ಎಂ.ಎಲ್. ಆಸುಪಾಸು ಬ್ಯುಪಿವಕೇನ್ ಅನ್ನುವ ಮರಗಟ್ಟಿಸುವ ಮದ್ದು. ನೋಡುವವರಿಗೆ ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಆ ಮದ್ದು ನೋವಿನ ನರಗಳ ಜೊತೆ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳನ್ನೂ ಮಲಗಿಸುತ್ತದೆ. ಕಾಲು ಜೋಮು ಹಿಡಿಯುತ್ತಿದ್ದಂತೆ ಬಿ.ಪಿ. ಇಳಿಯುತ್ತದೆ. ತಾಯಿ ‘ಹೊಟ್ಟೆ ತೊಳಸ್ತಿದೆ ಡಾಕ್ಟ್ರೇ’ ಅಂದರೆ ನಾನು ಮಾನಿಟರ್ ಅಳೆದು ಹೇಳುವವರೆಗೆ ಕಾಯುವುದಿಲ್ಲ. ಬಿ.ಪಿ. ಏರಿಸುವ ಫಿನೈಲೆಫ್ರಿನ್ ತುಂಬಿದ ಸಿರಿಂಜ್ ಕೈಯಳತೆಯಲ್ಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ‘ಏನೋ ಎಳೀತಿದ್ದಾರೆ’ ಅಂತಾಳೆ. ಎಳೆತವಾ, ನೋವಾ ಅಂತ ಬಿಡಿಸಿ ಕೇಳಬೇಕು. ಎಳೆತ ಸಹಜ, ನೋವು ಸಹಜವಲ್ಲ.

ಇಷ್ಟರ ನಡುವೆ ಸರ್ಜನ್ ಜೊತೆ ಕ್ರಿಕೆಟ್ ಮಾತೂ ನಡೆದಿರುತ್ತದೆ! ಆದರೆ ಕಿವಿ ಪಲ್ಸ್ ಆಕ್ಸಿಮೀಟರ್ ಕಡೆಗೇ. ರಕ್ತದಲ್ಲಿ ಆಕ್ಸಿಜನ್ ಇಳಿದರೆ ಆ ಬೀಪ್ ಸದ್ದಿನ ಶ್ರುತಿಯೂ ಇಳಿಯುತ್ತದೆ. ಕೆಲವು ವರ್ಷವಾದ ಮೇಲೆ ತಿರುಗಿ ನೋಡದೆಯೇ ಗೊತ್ತಾಗುತ್ತದೆ.

ರಾತ್ರಿ ಕೆಲಸ ಜಾಸ್ತಿಯೇ. ಎಂ.ಡಿ.ಯ ಮೂರು ವರ್ಷವಂತೂ ನಿದ್ದೆಯ ಆಸೆ ಬಿಡಿ. ಆಮೇಲೆ ದೊಡ್ಡ ಆಸ್ಪತ್ರೆಗೆ ಸೇರಿದರೆ ಸಂಬಳ, ಸರದಿ ಡ್ಯೂಟಿ. ಜಿಲ್ಲಾ ಕೇಂದ್ರಗಳಲ್ಲಿ ಫ್ರೀಲಾನ್ಸ್ ಮಾಡುವವರೇ ಬಹಳ. ಕಾರಿನಲ್ಲಿ ಬ್ಯಾಗು, ಬ್ಯಾಗಿನಲ್ಲಿ ಗಂಟಲೊಳಗೆ ನೋಡುವ ಸ್ವಂತ ಲ್ಯಾರಿಂಗೋಸ್ಕೋಪು, ಉಸಿರಿನ ಟ್ಯೂಬುಗಳು. ಒಂದು ನರ್ಸಿಂಗ್ ಹೋಮಿನಿಂದ ಇನ್ನೊಂದಕ್ಕೆ ಓಟ, ಕೇಸಿಗಿಷ್ಟು ಅಂತ ಫೀಸು. ಸಂಪಾದನೆ ಚೆನ್ನಾಗಿದೆ, ಕೈಗೆ ಬರುವುದು ತಡ.

ಈ ಓಟದಲ್ಲೇ ಒಂದು ಅಪಾಯ ಇದೆ. ಒಮ್ಮೆ ಒಂದು ಕಡೆ ನನಗೆ ‘ಸ್ಪೈನಲ್ (ಬೆನ್ನಿನ ಇಂಜೆಕ್ಷನ್) ಕೊಟ್ಟು ಹೋಗಿ ಮೇಡಂ, ನಾವು ನೋಡ್ಕೋತೀವಿ’ ಅಂದರು. ನಾನು ಹೋಗಲಿಲ್ಲ. ಮತ್ತೆ ಅಲ್ಲಿಂದ ಕರೆ ಬರಲಿಲ್ಲ, ಅಷ್ಟೇ ನಷ್ಟ. ಇನ್ನೊಂದು ಮಾತು: ಹೊಸ ಓಟಿಗೆ (ಆಪರೇಷನ್ ಥಿಯೇಟರಿಗೆ) ಕಾಲಿಟ್ಟ ಕೂಡಲೇ ಬಾಯಿ-ಗಂಟಲಿನ ದ್ರವ ಹೀರುವ ಸಕ್ಷನ್ ಎಳೆಯುತ್ತಾ, ಎರಡನೇ ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ ಅಂತ ನೀವೇ ಕೈಯಿಟ್ಟು ನೋಡಿ. ‘ಎಲ್ಲಾ ಇದೆ’ ಅನ್ನುವ ಮಾತನ್ನು ನಂಬಬೇಡಿ. ಹಾಗೆಯೇ ‘ಏನೂ ತಿಂದಿಲ್ಲ’ ಅನ್ನುವ ರೋಗಿಯನ್ನೂ ಎರಡು ಸಲ ಕೇಳಿ. ನಮ್ಮಲ್ಲಿ ಇಡ್ಲಿ ತಿಂದರೆ ತಿಂದ ಲೆಕ್ಕಕ್ಕಿಲ್ಲ. ಮಂಪರಿನಲ್ಲಿ ವಾಂತಿಯಾದರೆ ಅದು ನೇರ ಶ್ವಾಸಕೋಶಕ್ಕೆ ಹೋದೀತು.

ಕ್ಲಿನಿಕ್ ಬೇಕೇ ಬೇಕೆಂದರೆ ನೋವು ಚಿಕಿತ್ಸೆಯ ತರಬೇತಿ ಪಡೆದು ಪೇನ್ ಕ್ಲಿನಿಕ್ ಇಡಬಹುದು. ಐಸಿಯು ಕಡೆಗೂ ಹೋಗಬಹುದು. ಮುಂದೆ ಓದಲು ಹೃದಯದ ಅರಿವಳಿಕೆಯಲ್ಲಿ ಡಿ.ಎಂ. (ಎಂ.ಡಿ. ನಂತರದ ಪದವಿ) ಇದೆ, ನಿಮ್ಹಾನ್ಸ್‌ನಲ್ಲಿ ನರವಿಭಾಗದ್ದೂ ಇದೆ.

ಸೀಟು ಆರಿಸುವ ಮೊದಲು ನಿಮ್ಮ ಆಸ್ಪತ್ರೆಯ ಓಟಿಯಲ್ಲಿ ಒಂದು ಪೂರ್ತಿ ದಿನ ರೋಗಿಯ ತಲೆಯ ಕಡೆ ನಿಲ್ಲಿ. ಮೂರನೇ ಕೇಸಿನ ಹೊತ್ತಿಗೆ ಬೇಜಾರಾಗಿ ಮೊಬೈಲ್ ತೆಗೆದರೆ, ಬೇರೆ ಸೀಟು ನೋಡಿ.